ಅದೇ ಕಾಗದ, ಎರಡು ಹರಾಜು: 1857ರ ಬೇಸ್‌ಬಾಲ್ ನಿಯಮಗಳ ಪ್ರಕರಣ

1999ರಲ್ಲಿ ಸೋಥೆಬಿಸ್ ಹರಾಜಿನಲ್ಲಿ ಹಳೇ ಕಾಗದಗಳ ಒಂದು ಲಾಟ್ 12,650 ಡಾಲರ್‌ಗೆ ಹೋಯಿತು. ಆಗಿನ ಲೆಕ್ಕದಲ್ಲಿ ಐದೂವರೆ ಲಕ್ಷ ರೂಪಾಯಿ ಹತ್ತಿರ. 2016ರ ಏಪ್ರಿಲ್‌ನಲ್ಲಿ ಆ ಲಾಟಿನಲ್ಲಿದ್ದ ಬೇಸ್‌ಬಾಲ್ ಕಾಗದಗಳು ಕ್ಯಾಲಿಫೋರ್ನಿಯಾದ ಎಸ್‌ಸಿಪಿ ಆಕ್ಷನ್ಸ್ ಸಂಸ್ಥೆಯ ಹರಾಜಿಗೆ ಮತ್ತೆ ಬಂದವು. ಈ ಸಲ ಹೋಗಿದ್ದು 32.6 ಲಕ್ಷ ಡಾಲರ್‌ಗೆ. 21 ಕೋಟಿ ರೂಪಾಯಿಗೂ ಜಾಸ್ತಿ. ಹದಿನೇಳು ವರ್ಷದಲ್ಲಿ ಬೆಲೆ 250 ಪಟ್ಟು ದಾಟಿತ್ತು.

ಇಷ್ಟು ವರ್ಷದಲ್ಲಿ ಆ ಹಾಳೆಗಳಿಗೆ ಹೊಸದಾಗಿ ಏನೂ ಸೇರಿರಲಿಲ್ಲ. ಅದೇ ಕಾಗದ, ಅದೇ ಬರಹ, ಅದೇ ತಿದ್ದುಗಳು. ಹಳೇ ಬೇಸ್‌ಬಾಲ್ ವಸ್ತುಗಳಿಗೆ ಈ ನಡುವೆ ಬೇಡಿಕೆ ಏರಿದ್ದು ನಿಜ. ಆದರೆ ಬರೀ ಬೇಡಿಕೆಯಿಂದ 250 ಪಟ್ಟು ಬರುವುದಿಲ್ಲ. ಮೊದಲ ಸಲ ಮಾರುವಾಗ ಅವು ಯಾವುದೋ ಕಾಲದ ಆಟದ ನಿಯಮಗಳ ಕೈಬರಹದ ಪ್ರತಿ, ಅಷ್ಟೇ. ಎರಡನೇ ಸಲ ಮಾರುವಾಗ ಆ ಕೈ ಯಾರದ್ದು ಅನ್ನುವುದು ಗೊತ್ತಾಗಿತ್ತು. ಈ ಪ್ರಕರಣದಲ್ಲಿ ನೋಡಬೇಕಾದದ್ದು ಇದನ್ನೇ.

ಆ ಕೈ ಡಾ. ಡೇನಿಯಲ್ ಲೂಷಿಯಸ್ ಆಡಮ್ಸ್ ಅವರದ್ದು. ಬೇಸ್‌ಬಾಲ್ ಇತಿಹಾಸ ಓದುವವರು ಅವರನ್ನು ‘ಡಾಕ್’ ಆಡಮ್ಸ್ ಅನ್ನುತ್ತಾರೆ. ಅಮೆರಿಕದಲ್ಲೇ ಎಷ್ಟೋ ಜನ ಈ ಹೆಸರು ಕೇಳಿಲ್ಲ. ಇನ್ನು ನಮ್ಮಲ್ಲಿ ಕೇಳಿರುವುದು ದೂರದ ಮಾತು.

ಆ ಹಾಳೆಗಳಲ್ಲಿ ಏನಿತ್ತು

1857ರ ಜನವರಿಯಲ್ಲಿ ನ್ಯೂಯಾರ್ಕ್ ಸುತ್ತಮುತ್ತಲ ಬೇಸ್‌ಬಾಲ್ ಕ್ಲಬ್‌ಗಳು ಒಂದು ಸಭೆ ಸೇರಿದವು. ಅಲ್ಲಿವರೆಗೆ ಒಂದೊಂದು ಕ್ಲಬ್ ಒಂದೊಂದು ಥರ ಆಡುತ್ತಿತ್ತು. ಎರಡು ಕ್ಲಬ್‌ಗಳ ನಡುವೆ ಪಂದ್ಯ ಇಟ್ಟರೆ ಯಾವ ನಿಯಮ ಅನ್ನುವುದರಿಂದಲೇ ತಕರಾರು ಶುರುವಾಗುತ್ತಿತ್ತು. ಎಲ್ಲರಿಗೂ ಒಂದೇ ನಿಯಮ ಬೇಕು ಅಂತ ಸಭೆ ಕರೆದಿದ್ದು ನಿಕರ್‌ಬಾಕರ್ ಕ್ಲಬ್. 1845ರಲ್ಲಿ ಹುಟ್ಟಿದ ಕ್ಲಬ್ ಅದು. ತನ್ನ ಪರವಾಗಿ ಮೂವರನ್ನು ಕಳಿಸಿತ್ತು: ಆಡಮ್ಸ್, ವಿಲಿಯಂ ಗ್ರೆನೆಲ್, ಲೂಯಿಸ್ ವಾಡ್ಸ್‌ವರ್ತ್. ಸಭೆಗೆ ಅಧ್ಯಕ್ಷರಾಗಿ ಆರಿಸಿದ್ದು ಆಡಮ್ಸ್ ಅವರನ್ನು.

ಹರಾಜಿಗೆ ಬಂದದ್ದು ಈ ಸಭೆಗೆ ಸಿದ್ಧಪಡಿಸಿದ ಕಾಗದಗಳು. ಆಡಮ್ಸ್ ಕೈಬರಹದ ಕರಡು ಇತ್ತು. ಗ್ರೆನೆಲ್ ಕೈಬರಹದ ಶುದ್ಧಪ್ರತಿ ಇತ್ತು. ಜೊತೆಗೆ ಚರ್ಚೆ ಮುಂದುವರಿದ ಹಾಗೆ ಮಾಡಿದ ತಿದ್ದುಗಳು. ಆ ಸಭೆಯಿಂದ ಹೊರಬಂದ ನಿಯಮಗಳಲ್ಲಿ ಮೂರು ಇವತ್ತಿಗೂ ಹಾಗೇ ಇವೆ: ಬೇಸ್‌ನಿಂದ ಬೇಸ್‌ಗೆ 90 ಅಡಿ, ತಂಡಕ್ಕೆ ಒಂಬತ್ತು ಜನ, ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್ (ಎರಡೂ ತಂಡ ಒಂದೊಂದು ಸಲ ಬ್ಯಾಟ್ ಹಿಡಿದರೆ ಒಂದು ಇನ್ನಿಂಗ್ಸ್).

ಬೇಸ್‌ಬಾಲ್ ನೋಡದವರಿಗೆ ಒಂದು ಮಾತು. ಮೈದಾನದಲ್ಲಿ ಚೌಕದ ನಾಲ್ಕು ಮೂಲೆಗೆ ನಾಲ್ಕು ಬೇಸ್. ಚೆಂಡು ಹೊಡೆದವನು ಒಂದೊಂದೇ ಬೇಸ್ ಮುಟ್ಟುತ್ತಾ ಸುತ್ತು ಹಾಕಿ ತಾನು ಹೊರಟ ಬೇಸ್‌ಗೆ, ಅಂದರೆ ಹೋಮ್‌ಗೆ, ವಾಪಸ್ ಬಂದರೆ ಒಂದು ರನ್. ಹಾಗಾಗಿ ಬೇಸ್‌ಗಳ ನಡುವಿನ ದೂರವೇ ಈ ಆಟದ ಜೀವ. ದೂರ ಕಡಿಮೆಯಾದರೆ ಓಡುವವನನ್ನು ಔಟ್ ಮಾಡಲು ಆಗುವುದಿಲ್ಲ. ಜಾಸ್ತಿಯಾದರೆ ಓಡುವವನು ಮುಟ್ಟುವುದೇ ಇಲ್ಲ. 90 ಅಡಿಯಲ್ಲಿ ಎಸೆತವೂ ಓಟವೂ ಕೂದಲೆಳೆಯಷ್ಟು ಅಂತರದಲ್ಲಿ ಬಂದು ಸೇರುತ್ತವೆ. ಆಟಗಾರರ ವೇಗ, ತೋಳಿನ ಬಲ ಎಷ್ಟೋ ಬದಲಾಗಿದೆ. ಒಂದೂವರೆ ಶತಮಾನ ಕಳೆದ ಮೇಲೂ ಈ ಅಳತೆಯನ್ನು ಯಾರೂ ಮುಟ್ಟಿಲ್ಲ.

ಅದಕ್ಕೆ ಮುಂಚೆ ಅಳತೆ ಹೇಗಿತ್ತು ಗೊತ್ತಾ? ನಿಕರ್‌ಬಾಕರ್ ಕ್ಲಬ್‌ನ 1845ರ ನಿಯಮದಲ್ಲಿ ಹೋಮ್‌ನಿಂದ ಎರಡನೇ ಬೇಸ್‌ಗೆ 42 ಹೆಜ್ಜೆ, ಒಂದನೇ ಬೇಸ್‌ನಿಂದ ಮೂರನೇ ಬೇಸ್‌ಗೆ 42 ಹೆಜ್ಜೆ ಅಂತ ಇತ್ತು. ಅಂದರೆ ಚೌಕದ ಕರ್ಣವನ್ನು ಹೆಜ್ಜೆಯಲ್ಲಿ ಹೇಳಿದ್ದರು. ಒಂದು ಹೆಜ್ಜೆ ಅಂದರೆ ಎಷ್ಟು? ಮೂರು ಅಡಿ ಅಂದುಕೊಂಡರೆ ಕರ್ಣ 126 ಅಡಿ, ಬೇಸ್‌ನಿಂದ ಬೇಸ್‌ಗೆ 89 ಅಡಿ ಚಿಲ್ಲರೆ. ಆ ಕಾಲದಲ್ಲಿ ಒಂದು ಹೆಜ್ಜೆಗೆ ಎರಡೂವರೆ ಅಡಿ ಅನ್ನುವ ಲೆಕ್ಕವೂ ಇತ್ತು. ಹಾಗೆ ಹಿಡಿದರೆ ಕರ್ಣ 105 ಅಡಿ, ಬೇಸ್‌ನಿಂದ ಬೇಸ್‌ಗೆ ಸುಮಾರು 74 ಅಡಿ. ಹದಿನೈದು ಅಡಿ ವ್ಯತ್ಯಾಸ! ಎತ್ತರದ ಮನುಷ್ಯ ಅಳೆದರೆ ಒಂದು ಮೈದಾನ, ಗಿಡ್ಡ ಮನುಷ್ಯ ಅಳೆದರೆ ಇನ್ನೊಂದು. ಆಡಮ್ಸ್ ಹೆಜ್ಜೆಯ ಜಾಗದಲ್ಲಿ 30 ಗಜ ಅಂತ ಬರೆದರು. ತಕರಾರು ಅಲ್ಲಿಗೆ ಮುಗಿಯಿತು.

ಇನ್ನಿಂಗ್ಸ್ ವಿಷಯವೂ ಹೀಗೇ. ಹಳೇ ನಿಯಮದಲ್ಲಿ ಯಾರು ಮೊದಲು 21 ರನ್ ಮಾಡುತ್ತಾರೋ ಅವರು ಗೆದ್ದರು. ಎರಡೂ ತಂಡಕ್ಕೆ ಸಮ ಅವಕಾಶ ಸಿಕ್ಕಿರಬೇಕು, ಅಷ್ಟೇ. 1846ರ ಜೂನ್ 19ರಂದು ನ್ಯೂಜೆರ್ಸಿಯ ಹೊಬೋಕನ್‌ನಲ್ಲಿ ನಿಕರ್‌ಬಾಕರ್ ತಂಡ ಇನ್ನೊಂದು ನ್ಯೂಯಾರ್ಕ್ ತಂಡದ ಎದುರು 23–1ರಿಂದ ಸೋತಿತು. ಪಂದ್ಯ ನಾಲ್ಕೇ ಇನ್ನಿಂಗ್ಸ್‌ಗೆ ಮುಗಿದುಹೋಯಿತು. ಆ ಪಂದ್ಯ ನಡೆದ ಎಲೀಶಿಯನ್ ಫೀಲ್ಡ್ಸ್ ಮೈದಾನ ಈಗ ಇಲ್ಲ. ಆದರೆ ಹೊಬೋಕನ್‌ನ ವಾಷಿಂಗ್ಟನ್ ಸ್ಟ್ರೀಟ್, ಹನ್ನೊಂದನೇ ಸ್ಟ್ರೀಟ್ ಸೇರುವ ಕಡೆ ಅದರ ನೆನಪಿಗೆ ಫಲಕ ಇದೆ. ಜೆರ್ಸಿ ಸಿಟಿ ಕಡೆ ಇರುವ ಕನ್ನಡಿಗರಿಗೆ ಹತ್ತಿರದ ಜಾಗ. ಯಾವತ್ತಾದರೂ ಆ ಕಡೆ ಹೋದರೆ ಒಮ್ಮೆ ನಿಂತು ನೋಡಿ.

ಆಡಮ್ಸ್ ಕೇಳಿದ್ದೆಲ್ಲ ಆ ಸಭೆಯಲ್ಲಿ ಸಿಗಲಿಲ್ಲ. ನಮ್ಮ ಗಲ್ಲಿ ಕ್ರಿಕೆಟ್‌ನಲ್ಲಿ ಒನ್ ಪಿಚ್ ಕ್ಯಾಚ್ ಔಟ್ ಇರುತ್ತದಲ್ವಾ, ಆಗಿನ ಬೇಸ್‌ಬಾಲ್‌ನಲ್ಲೂ ಹಾಗೇ. ಒಂದು ಪುಟ ಬಿದ್ದ ಚೆಂಡು ಹಿಡಿದರೂ ಔಟ್. ಇದು ದೊಡ್ಡವರ ಆಟಕ್ಕೆ ಒಪ್ಪುವುದಿಲ್ಲ, ನೇರವಾಗಿ ಹಿಡಿದರೆ ಮಾತ್ರ ಔಟ್ ಕೊಡಬೇಕು ಅಂತ ಆಡಮ್ಸ್ ವರ್ಷ ವರ್ಷ ವಾದ ಮಾಡಿದರು. ಅದು ಜಾರಿಗೆ ಬಂದಿದ್ದು 1864ರ ಕೊನೆಯಲ್ಲಿ ಆದ ತೀರ್ಮಾನದಿಂದ. ಅಷ್ಟರಲ್ಲಿ ಅವರು ಕ್ಲಬ್ ಬಿಟ್ಟು ಎರಡು ವರ್ಷ ಆಗಿತ್ತು.

ಚೆಂಡು ಹೊಲಿದ ಡಾಕ್ಟರ್

ಆಡಮ್ಸ್ ಹುಟ್ಟಿದ್ದು 1814ರಲ್ಲಿ, ನ್ಯೂ ಹ್ಯಾಂಪ್‌ಶೈರ್‌ನ ಮಾಂಟ್ ವರ್ನನ್ ಅನ್ನುವ ಊರಲ್ಲಿ. ಯೇಲ್‌ನಲ್ಲಿ ಓದಿ, ಹಾರ್ವರ್ಡ್‌ನಲ್ಲಿ 1838ರಲ್ಲಿ ವೈದ್ಯಕೀಯ ಮುಗಿಸಿದರು. ನ್ಯೂಯಾರ್ಕ್‌ಗೆ ಬಂದು ಡಾಕ್ಟರಿಕೆ ಮಾಡಿದರು. ಬಡವರಿಗೆ ಔಷಧಿ ಕೊಡುವ ಡಿಸ್ಪೆನ್ಸರಿಯಲ್ಲೂ ಕೆಲಸ ಮಾಡಿದರು. ನಿಕರ್‌ಬಾಕರ್ ಕ್ಲಬ್ ಶುರುವಾದ ಸ್ವಲ್ಪ ದಿನಕ್ಕೇ ಸೇರಿ, ಹಲವು ಬಾರಿ ಅದರ ಅಧ್ಯಕ್ಷರಾದರು.

ಅವರ ಬಗ್ಗೆ ನನಗೆ ತುಂಬ ಇಷ್ಟದ ವಿಷಯ ಅಧ್ಯಕ್ಷಗಿರಿ ಅಲ್ಲ, ಚೆಂಡಿನ ಕಥೆ. ಆಗ ಅಂಗಡಿಯಲ್ಲಿ ಬೇಸ್‌ಬಾಲ್ ಸಿಗುತ್ತಿರಲಿಲ್ಲ. ಚೆಂಡು ಮಾಡಿಕೊಡುವವರಿಗಾಗಿ ಅವರು ನ್ಯೂಯಾರ್ಕ್ ಎಲ್ಲಾ ಸುತ್ತಿದರು. ಎಷ್ಟು ದುಡ್ಡು ಕೊಡುತ್ತೇನೆಂದರೂ ಯಾರೂ ಒಪ್ಪಲಿಲ್ಲ. ಕೊನೆಗೆ ಕುದುರೆಗೆ ಜೀನು ಹೊಲಿಯುವ ಒಬ್ಬ ಸ್ಕಾಟಿಷ್ ಕೆಲಸಗಾರ ಸಿಕ್ಕಿದ. ಚಾಟಿಗೆ ಬಳಸುವ ಕುದುರೆ ಚರ್ಮವನ್ನು ಚೆಂಡಿಗೆ ಹೊದಿಸಿ ಹೊಲಿಯುವುದು ಹೇಗೆ ಅಂತ ತೋರಿಸಿಕೊಟ್ಟ. ಆಡಮ್ಸ್ ಮೂರು-ನಾಲ್ಕು ಔನ್ಸ್ ರಬ್ಬರ್ ಚೂರುಗಳನ್ನು ಮುದ್ದೆ ಮಾಡಿ, ಅದರ ಮೇಲೆ ನೂಲು ಸುತ್ತಿ, ಚರ್ಮ ಹೊದಿಸುತ್ತಿದ್ದರು. ತಮ್ಮ ಕ್ಲಬ್‌ಗೆ ಮಾತ್ರ ಅಲ್ಲ, ಬೇರೆ ಕ್ಲಬ್‌ಗಳಿಗೂ ಅವರೇ ಚೆಂಡು ಮಾಡಿ ಕೊಟ್ಟರು. ಬ್ಯಾಟ್ ಕಡೆಯುವ ಕಡೆ ಖುದ್ದು ನಿಂತು ನೋಡಿಕೊಳ್ಳುತ್ತಿದ್ದರು.

ಆ ಚೆಂಡು ಹಗುರ. ದೂರದ ಫೀಲ್ಡರ್ ಎಸೆದರೆ ನಡುವೆಯೇ ಬೀಳುತ್ತಿತ್ತು. ಯಾರಾದರೂ ನಡುವೆ ನಿಂತು ತೆಗೆದುಕೊಂಡು ಮುಂದೆ ಎಸೆಯಬೇಕಿತ್ತು. 1849–50ರ ಹೊತ್ತಿಗೆ ಆಡಮ್ಸ್ ತಾವೇ ಆ ಜಾಗದಲ್ಲಿ ನಿಲ್ಲತೊಡಗಿದರು. ಶಾರ್ಟ್‌ಸ್ಟಾಪ್ ಅನ್ನುವ ಸ್ಥಾನ ಹುಟ್ಟಿದ್ದು ಹೀಗೆ. ಚೆಂಡು ಗಟ್ಟಿಯಾದ ಮೇಲೆ ಆ ಸ್ಥಾನ ಎರಡನೇ, ಮೂರನೇ ಬೇಸ್‌ಗಳ ನಡುವೆ ಬಂದು ನೆಲೆ ನಿಂತಿತು.

1862ರಲ್ಲಿ ಕ್ಲಬ್ ಬಿಟ್ಟ ಮೇಲೆ ಅವರು ಕನೆಕ್ಟಿಕಟ್‌ನ ರಿಜ್‌ಫೀಲ್ಡ್‌ಗೆ ಹೋದರು. ಅಲ್ಲಿ ಶಾಸಕರಾದರು, ಊರಿನ ಬ್ಯಾಂಕಿನ ಅಧ್ಯಕ್ಷರಾದರು. 1899ರ ಜನವರಿಯಲ್ಲಿ ನ್ಯೂ ಹೇವನ್‌ನಲ್ಲಿ ತೀರಿಕೊಂಡರು.

ಸಾಯುವ ಮೂರು ವರ್ಷ ಮುಂಚೆ, 1896ರಲ್ಲಿ, ‘ದ ಸ್ಪೋರ್ಟಿಂಗ್ ನ್ಯೂಸ್’ ಪತ್ರಿಕೆ ಅವರನ್ನು ಮಾತಾಡಿಸಿತ್ತು. ಚೆಂಡಿನ ಕಥೆ ನಮಗೆ ಸಿಕ್ಕಿದ್ದು ಅಲ್ಲಿಂದ. ಅದೇ ಸಂದರ್ಶನದಲ್ಲಿ, ಬೇಸ್‌ಗಳ ನಡುವೆ 30 ಗಜ ಅಂತ ಗೊತ್ತುಮಾಡಿದ್ದು ತಾನೇ, ಅದಕ್ಕೆ ಮುಂಚೆ ಇದ್ದ 42 ಹೆಜ್ಜೆಯ ಮಾತು ಅಸ್ಪಷ್ಟವಾಗಿತ್ತು ಅಂತಲೂ ಹೇಳಿದ್ದರು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಪ್ರಕರಣದ ಬೀಗಕ್ಕೆ ಕೀಲಿ ಇದೇ.

ಹೆಸರು ಬೇರೆಯವರ ಪಾಲಾದದ್ದು

ಬೇಸ್‌ಬಾಲ್ ಹುಟ್ಟಿನ ಬಗ್ಗೆ ವಿಚಾರಿಸಲು 1905ರಲ್ಲಿ ಮಿಲ್ಸ್ ಆಯೋಗ ರಚನೆಯಾಯಿತು. ಆಡಮ್ಸ್ ಆಗ ಇರಲಿಲ್ಲ. ಆಬ್ನರ್ ಗ್ರೇವ್ಸ್ ಎಂಬ ವೃದ್ಧರ ಪತ್ರವೊಂದನ್ನು ನಂಬಿಕೊಂಡು, 1839ರಲ್ಲಿ ಕೂಪರ್ಸ್‌ಟೌನ್ ಊರಲ್ಲಿ ಆಬ್ನರ್ ಡಬಲ್‌ಡೇ ಈ ಆಟ ಕಂಡುಹಿಡಿದ ಅಂತ ಆಯೋಗ ಹೇಳಿಬಿಟ್ಟಿತು. ಡಬಲ್‌ಡೇ ಅಂತರ್ಯುದ್ಧದ ಸೇನಾಪತಿ. 1839ರಲ್ಲಿ ಆತ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ಓದುತ್ತಿದ್ದ.

ಮುಂದೆ 1930ರ ದಶಕದಲ್ಲಿ ಗ್ರೇವ್ಸ್‌ಗೆ ಸೇರಿದ್ದು ಎನ್ನಲಾದ ಒಂದು ಟ್ರಂಕಿನಲ್ಲಿ ಹಳೇ ಹರಕು ಚೆಂಡೊಂದು ಸಿಕ್ಕಿತು. ಕೂಪರ್ಸ್‌ಟೌನ್‌ನ ಶ್ರೀಮಂತ ಸ್ಟೀಫನ್ ಕ್ಲಾರ್ಕ್ ಅದನ್ನು 5 ಡಾಲರ್‌ಗೆ ಕೊಂಡರು. ಅದಕ್ಕೆ ‘ಡಬಲ್‌ಡೇ ಚೆಂಡು’ ಅಂತ ಹೆಸರು ಬಂತು. 1939ರಲ್ಲಿ ಅದೇ ಊರಲ್ಲಿ ಬಾಗಿಲು ತೆರೆದ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ (ಆಟದ ದೊಡ್ಡವರನ್ನು ಆರಿಸಿ ಗೌರವಿಸುವ ಸಂಗ್ರಹಾಲಯ) ಬಂದ ಮೊದಮೊದಲ ವಸ್ತುಗಳಲ್ಲಿ ಅದೂ ಒಂದು. ಆ ಚೆಂಡಿಗೂ ಡಬಲ್‌ಡೇಗೂ ಸಂಬಂಧ ಇತ್ತು ಅನ್ನಲು ಒಂದು ಚೂರೂ ಆಧಾರ ಇಲ್ಲ. ಕಥೆ ಮೊದಲು ಹುಟ್ಟಿತು, ವಸ್ತು ಆಮೇಲೆ ಬಂದು ಅದಕ್ಕೆ ಅಂಟಿಕೊಂಡಿತು. ಹಳೇ ವಸ್ತು ಸಂಗ್ರಹಿಸುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಡಬಲ್‌ಡೇ ಕಥೆ ಸುಳ್ಳು ಅನ್ನುವುದು ಇತಿಹಾಸ ಬಲ್ಲವರಿಗೆ ಬೇಗ ಗೊತ್ತಾಯಿತು. ಆದರೆ ಆ ಖಾಲಿ ಜಾಗಕ್ಕೆ ಬಂದವರು ಅಲೆಕ್ಸಾಂಡರ್ ಕಾರ್ಟ್‌ರೈಟ್. ಅವರೂ ನಿಕರ್‌ಬಾಕರ್ ಕ್ಲಬ್‌ನವರೇ, ಕ್ಲಬ್ ಕಟ್ಟುವುದರಲ್ಲಿ ಅವರ ಪಾತ್ರ ಇತ್ತು. ಅವರ ಮೊಮ್ಮಗ ತಾತನ ಪರವಾಗಿ ಬಹಳ ಓಡಾಡಿದ. 1938ರಲ್ಲಿ ಅವರು ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. ಕಂಚಿನ ಫಲಕದಲ್ಲಿ ಬೇಸ್‌ಗಳ ನಡುವೆ 90 ಅಡಿ ಇಟ್ಟವರು, ಒಂಬತ್ತು ಇನ್ನಿಂಗ್ಸ್, ಒಂಬತ್ತು ಆಟಗಾರರು ಅಂತ ಗೊತ್ತುಮಾಡಿದವರು ಇವರೇ ಅಂತ ಬರೆದರು.

ಈಗ ತಾರೀಖು ನೋಡಿ. ಕಾರ್ಟ್‌ರೈಟ್ 1849ರಲ್ಲಿ ಚಿನ್ನದ ಹುಡುಕಾಟದ ಜನರ ಜೊತೆ ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋದರು. ಅಲ್ಲಿಂದ ಹವಾಯಿಗೆ ಹೋಗಿ ಅಲ್ಲೇ ನೆಲೆಸಿದರು. ಆ ಮೂರು ನಿಯಮಗಳು ಬಂದದ್ದು 1857ರಲ್ಲಿ. ಎಂಟು ವರ್ಷ ಮುಂಚೆ ಊರು ಬಿಟ್ಟವರ ಹೆಸರಿಗೆ ಈ ಕೆಲಸ ಹೋಯಿತು. ಸಭೆಯಲ್ಲಿ ಕೂತು, ಕರಡು ಬರೆದು, ಅಧ್ಯಕ್ಷತೆ ವಹಿಸಿದವರ ಹೆಸರು ಮರೆತುಹೋಯಿತು. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಕಾಗದ ಯಾರ ಮನೆಯಲ್ಲಿತ್ತು

ಈ ಕಾಗದಗಳು ಆಡಮ್ಸ್ ಮನೆಯಲ್ಲಿ ಉಳಿದಿರಲಿಲ್ಲ. ಉಳಿದದ್ದು ಜೊತೆಗಾರ ಗ್ರೆನೆಲ್ ಅವರ ಕಾಗದಪತ್ರಗಳ ನಡುವೆ. ಇದನ್ನು ಸಂಗ್ರಾಹಕರು ಗಮನಿಸಬೇಕು. ಕಮಿಟಿ ಕೆಲಸದ ಕಾಗದ ಬರೆದವರ ಮನೆಯಲ್ಲೇ ಉಳಿಯಬೇಕು ಅಂತಿಲ್ಲ. ಶುದ್ಧಪ್ರತಿ ತೆಗೆದವರ ಮನೆಗೆ ಕರಡು ಹೋಗಿರುತ್ತದೆ. ವಾರಸುದಾರರಿಗೆ ಅದು ತಮ್ಮ ಮುತ್ತಾತನ ಕಾಗದ. ಆತನ ಹೆಸರಲ್ಲೇ ಅದು ಹರಾಜಿಗೆ ಬರುತ್ತದೆ, ಆತನ ಹೆಸರಿನ ತೂಕಕ್ಕೆ ತಕ್ಕ ಬೆಲೆ ಪಡೆಯುತ್ತದೆ. 1999ರಲ್ಲಿ ಆದದ್ದು ಇಷ್ಟೇ. ಗ್ರೆನೆಲ್ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕೊಂಡವರು ವರ್ಷಗಟ್ಟಲೆ ತಮ್ಮಲ್ಲೇ ಇಟ್ಟುಕೊಂಡರು.

ಆ ನಿಯಮಗಳ ಒಕ್ಕಣೆ ಏನೂ ಗುಟ್ಟಾಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. 1857ರಲ್ಲೇ ಅವು ಅಚ್ಚಾಗಿದ್ದವು. ಇತಿಹಾಸಕಾರರು ಓದಿದ್ದರು. ಆದರೆ ಅಚ್ಚಾದ ನಿಯಮದಲ್ಲಿ ಬರೆದವರ ಹೆಸರು ಇರುವುದಿಲ್ಲ, ಸಭೆಯ ಹೆಸರು ಇರುತ್ತದೆ. ಕರಡಿನಲ್ಲಿ ಕೈ ಕಾಣುತ್ತದೆ. ಮೊದಲು ಏನು ಬರೆದಿದ್ದರು, ಯಾವುದನ್ನು ಹೊಡೆದುಹಾಕಿದರು, ಯಾವ ಅಕ್ಷರ ಯಾರದ್ದು, ಎಲ್ಲಾ ಕಾಣುತ್ತದೆ. 32 ಲಕ್ಷ ಡಾಲರ್ ಕೊಟ್ಟದ್ದು ಇದಕ್ಕೆ.

ಆಡಮ್ಸ್ ಅವರ ಕೆಲಸವನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಮುಖ್ಯರು ಜಾನ್ ಥಾರ್ನ್. 2011ರಿಂದ ಅವರು ಮೇಜರ್ ಲೀಗ್ ಬೇಸ್‌ಬಾಲ್‌ನ ಅಧಿಕೃತ ಇತಿಹಾಸಕಾರರು. 1990ರ ದಶಕದಿಂದಲೇ ಆಡಮ್ಸ್ ಬಗ್ಗೆ ಬರೆಯುತ್ತಾ ಬಂದಿದ್ದರು. 2016ರ ಹರಾಜಿಗೆ ಮುಂಚೆ ಈ ಕಾಗದಗಳ ಮಹತ್ವ ಏನು ಅಂತ ವಿವರಿಸಿದವರೂ ಅವರೇ. ಅಂದರೆ ಕಾಗದ ಸಿಗುವ ಮುಂಚೆಯೇ ಅದನ್ನು ಗುರುತಿಸುವ ತಿಳಿವಳಿಕೆ ಸಿದ್ಧವಾಗಿತ್ತು. ಅದು ಇಲ್ಲದಿದ್ದರೆ ಎರಡನೇ ಹರಾಜಿನಲ್ಲೂ ಇದು ಹತ್ತಿಪ್ಪತ್ತು ಸಾವಿರ ಡಾಲರ್‌ಗೇ ಹೋಗುತ್ತಿತ್ತು ಅಂತ ನನ್ನ ನಂಬಿಕೆ.

ಇಂಥ ಗುರುತಿಸುವ ಕೆಲಸ ಹೇಗೆ ನಡೆಯುತ್ತದೆ? ಮೊದಲು ಬೇಕಾದದ್ದು ಆ ವ್ಯಕ್ತಿಯದೇ ಅಂತ ಅನುಮಾನವಿಲ್ಲದ ಬೇರೆ ಬರಹ. ಸಹಿ ಒಂದೇ ಸಾಲದು. ಸಹಿಯಲ್ಲಿ ಮನುಷ್ಯ ಶೋಕಿ ಮಾಡುತ್ತಾನೆ, ಉದ್ದದ ಬರಹದಲ್ಲಿ ಅವನ ರೂಢಿ ಹೊರಬರುತ್ತದೆ. ಆಡಮ್ಸ್ ವರ್ಷಗಟ್ಟಲೆ ಕ್ಲಬ್ ನಡೆಸಿದವರು, ಡಾಕ್ಟರ್, ಬ್ಯಾಂಕಿನ ಅಧ್ಯಕ್ಷರು. ಇಂಥವರ ಬರಹ ಹುಡುಕಿದರೆ ಸಿಗುತ್ತದೆ. ಎರಡನೆಯದು ಕಾಗದದ ವಯಸ್ಸು. 1850ರ ದಶಕದ ಅಮೆರಿಕದ ಒಳ್ಳೆ ಕಾಗದ ಹತ್ತಿ, ನಾರುಬಟ್ಟೆಯ ಚಿಂದಿಯಿಂದ ಮಾಡಿದ್ದು. ಮರದ ತಿರುಳಿನ ಕಾಗದ ಬಳಕೆಗೆ ಬಂದಿದ್ದು 1860ರ ದಶಕದ ನಂತರ. ಸೂಕ್ಷ್ಮದರ್ಶಕದ ಕೆಳಗೆ ನಾರು ನೋಡಿದರೆ ಈ ಎರಡರ ವ್ಯತ್ಯಾಸ ಗೊತ್ತಾಗುತ್ತದೆ. 1857ರದ್ದು ಅಂತ ತಂದ ಹಾಳೆಯಲ್ಲಿ ಮರದ ತಿರುಳು ಕಂಡರೆ ಮಾತು ಅಲ್ಲಿಗೇ ಮುಗಿಯಿತು.

ಮೂರನೆಯದು ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುವುದು: ಕಾಗದದ ಒಳಗಿರುವ ವಿಷಯಕ್ಕೂ ಹೊರಗಿನ ದಾಖಲೆಗೂ ತಾಳೆ. 30 ಗಜ ಗೊತ್ತುಮಾಡಿದ್ದು ತಾನು ಅಂತ 1896ರಲ್ಲಿ ಎಂಬತ್ತು ದಾಟಿದ ಆಡಮ್ಸ್ ಹೇಳಿದ್ದರು. ಸುಮಾರು ನಲವತ್ತು ವರ್ಷದ ಹಿಂದಿನ ನೆನಪು ಅದು. ಯಾರಾದರೂ ಅನುಮಾನ ಪಡಬಹುದಿತ್ತು. ಗ್ರೆನೆಲ್ ಕಾಗದಗಳಲ್ಲಿ ಆ ಮಾತಿಗೆ 1857ರದ್ದೇ ಸಾಕ್ಷಿ ಸಿಕ್ಕಿತು. ಸಂದರ್ಶನ ಕಾಗದವನ್ನು ನಂಬುವಂತೆ ಮಾಡಿತು. ಕಾಗದ ಸಂದರ್ಶನವನ್ನು ನಂಬುವಂತೆ ಮಾಡಿತು. ಎರಡೂ ಒಂದಕ್ಕೊಂದು ಗೊತ್ತಿಲ್ಲದೆ ಶತಮಾನ ಕಳೆದಿದ್ದವು, ಹಾಗಾಗಿ ಯಾರೋ ಕೂತು ಹೊಂದಿಸಿದ್ದು ಅನ್ನುವ ಮಾತಿಗೆ ಜಾಗವೇ ಇಲ್ಲ.

ಕದ್ದ ಮಾಲಿನ ಭಯ

ಹತ್ತೊಂಬತ್ತನೇ ಶತಮಾನದ ಬೇಸ್‌ಬಾಲ್ ಕಾಗದ ಕೊಳ್ಳುವಾಗ ಅಸಲಿಯೋ ನಕಲಿಯೋ ಅಂತ ಕೇಳಿದರೆ ಸಾಲದು. ಅಸಲಿಯೇ ಇರಬಹುದು, ಆದರೆ ಕದ್ದದ್ದಾಗಿರಬಹುದು.

ಕ್ರೀಡಾ ಸಾಮಾನಿನ ದೊಡ್ಡ ವ್ಯಾಪಾರಿ ಎ. ಜಿ. ಸ್ಪಾಲ್ಡಿಂಗ್ ಕೂಡಿಟ್ಟ ಸಂಗ್ರಹವನ್ನು ಅವರ ಹೆಂಡತಿ 1921ರಲ್ಲಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಗೆ ಕೊಟ್ಟರು. ನಿಕರ್‌ಬಾಕರ್ ಕ್ಲಬ್‌ನ ಪುಸ್ತಕಗಳು, ಬೇಸ್‌ಬಾಲ್ ವರದಿಗಾರಿಕೆಯ ಹಿರಿಯ ಹೆನ್ರಿ ಚಾಡ್ವಿಕ್ ಅವರ ಪುಸ್ತಕಗಳು, 1869ರಲ್ಲಿ ಸಿನ್ಸಿನಾಟಿಯ ಮೊದಲ ಬಹಿರಂಗ ವೃತ್ತಿಪರ ತಂಡ ಕಟ್ಟಿದ ಹ್ಯಾರಿ ರೈಟ್‌ಗೆ ಬಂದ ಪತ್ರಗಳು, ಎಲ್ಲಾ ಅದರಲ್ಲಿದ್ದವು. 1980ರ ದಶಕದಲ್ಲಿ ಪಟ್ಟಿ ಹಿಡಿದು ನೋಡಿದಾಗ ಅನೇಕ ವಸ್ತು ಕಾಣೆಯಾಗಿದ್ದು ಗೊತ್ತಾಯಿತು. 2009ರಲ್ಲಿ ಹ್ಯಾರಿ ರೈಟ್‌ಗೆ ಬರೆದ ಪತ್ರಗಳು ಒಂದು ಹರಾಜಿಗೆ ಬಂದಾಗ, ಇವು ಲೈಬ್ರರಿಯವು ಇರಬಹುದೇ ಅಂತ ಪ್ರಶ್ನೆ ಎದ್ದು ಎಫ್‌ಬಿಐ ವಿಚಾರಣೆಗೆ ಇಳಿಯಿತು.

ಹಾಗಾಗಿ ನಿಕರ್‌ಬಾಕರ್ ಕ್ಲಬ್‌ಗೆ ಸೇರಿದ ಯಾವ ಕಾಗದ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆ: ಇದು ಆ ಕಪಾಟಿನಿಂದ ಬಂದಿದ್ದೇ? ನಮ್ಮ ಕಾಗದಗಳಿಗೆ ಇದಕ್ಕೆ ಸರಿಯಾದ ಉತ್ತರ ಇತ್ತು. ಸಭೆಗೆ ಹೋದ ಮೂವರಲ್ಲಿ ಒಬ್ಬರಾದ ಗ್ರೆನೆಲ್ ಕಾಗದಗಳ ಜೊತೆ ಬಂದವು. 1999ರಲ್ಲಿ ಎಲ್ಲರ ಎದುರಿಗೆ, ಹೆಸರಾಂತ ಸಂಸ್ಥೆಯ ಮೂಲಕ ಮಾರಾಟವಾದವು. ಆ ಮೊದಲ ಮಾರಾಟದಲ್ಲಿ ಬಂದ ದುಡ್ಡು ಸ್ವಲ್ಪ. ಆದರೆ ಆ ಮಾರಾಟದ ದಾಖಲೆ ಎರಡನೇ ಮಾರಾಟಕ್ಕೆ ದೊಡ್ಡ ಬಲ. ಚಿಕ್ಕ ವಸ್ತು ಕೊಂಡರೂ ರಸೀದಿ, ಕ್ಯಾಟಲಾಗ್, ಲಾಟ್ ನಂಬರ್ ಯಾವುದನ್ನೂ ಬಿಸಾಡಬೇಡಿ ಅಂತ ಹಳೇ ಸಂಗ್ರಾಹಕರು ಹೇಳುವುದು ಇದಕ್ಕೇ.

ಬೆಲೆ ಸರಿಯೇ?

ಹೋಲಿಕೆಗೆ ಕೆಲವು ಬೆಲೆಗಳನ್ನು ನೋಡೋಣ. ಜೇಮ್ಸ್ ನೈಸ್ಮಿತ್ 1891ರಲ್ಲಿ ಸಿದ್ಧಪಡಿಸಿದ ಬಾಸ್ಕೆಟ್‌ಬಾಲ್‌ನ ಮೂಲ ನಿಯಮಗಳು 2010ರಲ್ಲಿ 43 ಲಕ್ಷ ಡಾಲರ್‌ಗೆ ಹೋದವು. ಬೇಸ್‌ಬಾಲ್ ತಾರೆ ಬೇಬ್ ರೂತ್‌ನ ಸುಮಾರು 1920ರ ಆಟದ ಅಂಗಿ 2012ರಲ್ಲಿ 44 ಲಕ್ಷಕ್ಕೆ ಹೋಯಿತು. 2022ರಲ್ಲಿ ಇನ್ನೊಬ್ಬ ಬೇಸ್‌ಬಾಲ್ ತಾರೆ ಮಿಕ್ಕಿ ಮ್ಯಾಂಟಲ್‌ನ ಚಿತ್ರವಿರುವ 1952ರ ಕಾರ್ಡೊಂದು 1.26 ಕೋಟಿ ಡಾಲರ್ ತಂದಿತು. ಆ ಕಾರ್ಡ್ ಅಚ್ಚಿನಲ್ಲಿ ಹೊಡೆದದ್ದು, ಬೇರೆ ಪ್ರತಿಗಳೂ ಇವೆ. ಈ ಒಂದು ಪ್ರತಿ ಹೊಸದರ ಹಾಗೆ ಉಳಿದಿತ್ತು ಅನ್ನುವುದಕ್ಕೇ ಆ ಬೆಲೆ. ಆಡಮ್ಸ್ ಕರಡು ಜಗತ್ತಿನಲ್ಲಿ ಒಂದೇ ಒಂದು. ಆಟ ಹೇಗೆ ಆಡಬೇಕು ಅನ್ನುವುದನ್ನೇ ಅದು ತೀರ್ಮಾನಿಸಿತು. ನನ್ನನ್ನು ಕೇಳಿದರೆ ಅದಕ್ಕೆ ಕೊಟ್ಟ 32.6 ಲಕ್ಷ ಕಡಿಮೆಯೇ. ಹಾಗೆ ನೋಡಿದರೆ ಕಾರಣ ಗೊತ್ತಿರುವುದೇ. ಬಾಲ್ಯದಲ್ಲಿ ಕಂಡ ಆಟಗಾರನ ಮೇಲಿನ ಪ್ರೀತಿಗೆ ಜನ ಎಷ್ಟಾದರೂ ಕೊಡುತ್ತಾರೆ. 1857ರ ಡಾಕ್ಟರನ್ನು ಕಂಡವರು ಯಾರೂ ಉಳಿದಿಲ್ಲ.

ಕೋಟಿ ಇಲ್ಲದವರಿಗೆ ಈ ಲೋಕದಲ್ಲಿ ಜಾಗ ಇಲ್ಲವೇ? ಇದೆ. ನ್ಯೂಯಾರ್ಕ್‌ನ ಗುಡ್ವಿನ್ ಕಂಪನಿ 1886ರಿಂದ 1890ರವರೆಗೆ ‘ಓಲ್ಡ್ ಜಡ್ಜ್’ ಸಿಗರೇಟ್ ಪೊಟ್ಟಣದಲ್ಲಿ ಆಟಗಾರರ ಫೋಟೋ ಕಾರ್ಡ್ ಇಟ್ಟಿತು. ನಿಜವಾದ ಫೋಟೋವನ್ನು ರಟ್ಟಿಗೆ ಅಂಟಿಸಿದ್ದು. ಐನೂರಕ್ಕೂ ಜಾಸ್ತಿ ಆಟಗಾರರು, ಒಬ್ಬೊಬ್ಬರದ್ದು ಹಲವು ಭಂಗಿ. ಆಗಿನ ಕ್ಯಾಮೆರಾಗೆ ಓಡುವ ಚೆಂಡು ಸಿಗುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಚೆಂಡನ್ನು ದಾರಕ್ಕೆ ಕಟ್ಟಿ ತೂಗಿಬಿಟ್ಟು, ಆಟಗಾರ ಅದನ್ನು ಹಿಡಿಯುವ ಹಾಗೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಭೂತಗನ್ನಡಿ ಹಿಡಿದು ನೋಡಿದರೆ ಕೆಲವು ಕಾರ್ಡ್‌ಗಳಲ್ಲಿ ಆ ದಾರ ಈಗಲೂ ಕಾಣುತ್ತದೆ. ಹೆಸರು ಮಾಡದ ಆಟಗಾರನ ಸವೆದ ಕಾರ್ಡ್ ಆದರೆ ಸಾಮಾನ್ಯ ಸಂಗ್ರಾಹಕನ ಕೈಗೂ ಎಟುಕುತ್ತದೆ.

ಅದೃಷ್ಟದ ಕಥೆಗಳೂ ಇವೆ. ಮೇನ್ ರಾಜ್ಯದ ಬೈಲಿವಿಲ್ ಅನ್ನುವ ಸಣ್ಣ ಊರಲ್ಲಿ ಒಬ್ಬರು ಮನೆ ಅಂಗಳದ ಹಳೇ ಸಾಮಾನು ಮಾರಾಟದಲ್ಲಿ ಒಂದು ಫೋಟೋ ಆಲ್ಬಂ ಕೊಂಡರು. ಅದರಲ್ಲಿ 1865ರ ಬ್ರೂಕ್ಲಿನ್ ಅಟ್ಲಾಂಟಿಕ್ಸ್ ತಂಡದ ಪುಟ್ಟ ಫೋಟೋ ಇತ್ತು. 2013ರ ಫೆಬ್ರವರಿಯಲ್ಲಿ ಹರಾಜು ಸಂಸ್ಥೆಯ ಕಮಿಷನ್ ಸೇರಿ 92,000 ಡಾಲರ್‌ಗೆ ಹೋಯಿತು. ಆದರೆ ಅದೂ ಬರೀ ಅದೃಷ್ಟ ಅಲ್ಲ. ಅದೇ ತಂಡದ ಫೋಟೋ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಇದ್ದದ್ದರಿಂದ, ಪಕ್ಕದಲ್ಲಿಟ್ಟು ನೋಡಿ ಇದು ಏನು ಅಂತ ಹೇಳಲು ಆಯಿತು.

ಹರಾಜಿನ ಮೊದಲು, ಹರಾಜಿನ ನಂತರ

2015ರ ಡಿಸೆಂಬರ್‌ನಲ್ಲಿ ಹಾಲ್ ಆಫ್ ಫೇಮ್‌ನ ಹಳೇ ಕಾಲದವರನ್ನು ಆರಿಸುವ ಸಮಿತಿ ಕೂತಿತು. ಹದಿನಾರು ಸದಸ್ಯರು. ಆಯ್ಕೆಗೆ 12 ಮತ ಬೇಕು. ಪಟ್ಟಿಯಲ್ಲಿದ್ದ ಹತ್ತು ಹೆಸರುಗಳಲ್ಲಿ ಅತಿ ಹೆಚ್ಚು ಮತ ಬಿದ್ದದ್ದು ಆಡಮ್ಸ್‌ಗೆ: 10. ಎರಡು ಮತದಿಂದ ತಪ್ಪಿತು. ಕಾಗದಗಳು ಮಾರಾಟವಾದದ್ದು ಅದಾದ ನಾಲ್ಕೂವರೆ ತಿಂಗಳಿಗೆ. ಬೇಸ್‌ಬಾಲ್ ದಾಖಲೆಯೊಂದಕ್ಕೆ ಅಲ್ಲಿವರೆಗೆ ಅಷ್ಟು ಬೆಲೆ ಬಂದಿರಲಿಲ್ಲ.

ಕೊಂಡವರು ಅದನ್ನು ಲಾಕರಿನಲ್ಲಿಟ್ಟು ಸುಮ್ನೆ ಕೂರಲಿಲ್ಲ. 2018ರಲ್ಲಿ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್ ಬೇಸ್‌ಬಾಲ್ ಬಗ್ಗೆ ದೊಡ್ಡ ಪ್ರದರ್ಶನ ಏರ್ಪಡಿಸಿದಾಗ ಈ ಹಾಳೆಗಳನ್ನು ಅಲ್ಲಿಗೆ ಕೊಟ್ಟರು. ಮೂರು ಗೋಡೆ, ಒಂದು ಬೀಗದ ಹಿಂದೆ ಇರಬಹುದಾಗಿದ್ದ ಕರಡನ್ನು ದಾರಿಹೋಕರೂ ಬಂದು ಓದುವಂತಾಯಿತು. ಖಾಸಗಿ ಸಂಗ್ರಹದ ಬಗ್ಗೆ ನನಗಿರುವ ಗೌರವಕ್ಕೆ ಇಂಥ ಕೆಲಸವೇ ಕಾರಣ.

ಹಾಲ್ ಆಫ್ ಫೇಮ್ ಕಡೆ ಮಾತ್ರ ಏನೂ ಮುಂದಕ್ಕೆ ಹೋಗಿಲ್ಲ. 2021ರಲ್ಲಿ ಹಳೇ ಕಾಲದವರ ಸಮಿತಿ ಮತ್ತೆ ಕೂತಾಗ ಹತ್ತು ಹೆಸರುಗಳ ಪಟ್ಟಿಯಲ್ಲಿ ಆಡಮ್ಸ್ ಇರಲಿಲ್ಲ. 2024ರ ಪಟ್ಟಿಯಲ್ಲೂ ಇರಲಿಲ್ಲ. ಕೈಬರಹದ ಸಾಕ್ಷಿ ಇಲ್ಲದಾಗ 10 ಮತ ಸಿಕ್ಕವರು, ಸಾಕ್ಷಿ ಸಿಕ್ಕ ಮೇಲೆ ಮತದಾನದವರೆಗೂ ಬಂದಿಲ್ಲ. ಪಟ್ಟಿ ಮಾಡುವವರು ಮುಂದಿನ ಸಲ ಕೂರುವಾಗ 30 ಗಜದ ಆ ಹಾಳೆಯ ನಕಲನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂರಬೇಕು. ಕಾರ್ಟ್‌ರೈಟ್ ಫಲಕದ ಆ ಸಾಲನ್ನೂ ತಿದ್ದಬೇಕು.